ನಮ್ಮ ಸೀಮೆಯ ಚಳಿ, ನಮ್ಮ ಭತ್ತ



ಮನುಷ್ಯರಿಗೆ ಇರುವಂತೆ ಗಿಡಗಳಿಗೂ ತಮ್ಮ ತಮ್ಮ ಸೀಮೆ ಉಂಟು. ಅಮೆರಿಕದ ಕೃಷಿ ಇಲಾಖೆಯವರು 1960ರಲ್ಲಿ ತಮ್ಮ ದೇಶವನ್ನು ಚಳಿಯ ಲೆಕ್ಕದ ಮೇಲೆ ವಲಯಗಳಾಗಿ ಹಂಚಿ ನಕ್ಷೆ ಹೊರಡಿಸಿದರು. ಎಲ್ಲಿ ಚಳಿ ಎಷ್ಟು ಇಳಿಯುತ್ತದೆ, ಅಲ್ಲಿ ಯಾವ ಗಿಡ ಸಾಯದೆ ಉಳಿದೀತು ಎಂಬುದನ್ನು ಅದು ಹೇಳುತ್ತದೆ. ಆದರೆ ಗಿಡ ಬದುಕುವುದು ಬೇರೆ, ಫಲ ಕೊಡುವುದು ಬೇರೆ. ಐರ್ಲೆಂಡಿನ ಕರಾವಳಿಯಲ್ಲಿ ಕಡಲಿನ ದೆಸೆಯಿಂದ ಚಳಿ ಮೆತ್ತಗಿರುತ್ತದೆ. ದ್ರಾಕ್ಷಿ ಬಳ್ಳಿ ಸಾಯುವುದಿಲ್ಲ. ಆದರೆ ಬೇಸಿಗೆಯ ಬಿಸಿಲು ಸಾಲದೆ ಹಣ್ಣು ಮಾಗುವುದು ಕಷ್ಟ.

“ಅಲ್ಲ ಸ್ವಾಮಿ, ನಮ್ಮೂರಲ್ಲೇನು ಹಿಮ ಬೀಳ್ತದಾ? ನಮಗ್ಯಾಕೆ ಈ ಲೆಕ್ಕ?” ಎಂದು ಮಳವಳ್ಳಿ ಕಡೆಯ ಅಣ್ಣ ಒಬ್ಬರು ಕೇಳಬಹುದು. ಕೇಳಬೇಕಾದ ಮಾತೇ.

ಕರ್ನಾಟಕವನ್ನು ಮಳೆ, ಮಣ್ಣು, ಎತ್ತರ, ಬೆಳೆ ನೋಡಿ 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿದ್ದಾರೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ದಕ್ಷಿಣ ಒಣ ವಲಯಕ್ಕೆ ಸೇರಿದವು. ಇಲ್ಲಿ ಗಿಡ ಕೊಲ್ಲುವ ಚಳಿ ಇಲ್ಲ. ಆದರೆ ಕಾಳು ಕೆಡಿಸುವ ಚಳಿ ಇದೆ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಅದು ಬರುತ್ತದೆ.

ಭತ್ತ ಹೊಡೆ ಕಟ್ಟುವಾಗ, ತೆನೆ ಹೊರಡುವುದಕ್ಕೆ ಹತ್ತು ಹನ್ನೆರಡು ದಿನ ಮುಂಚೆ, ಒಳಗೆ ಪರಾಗ ಕೂಡುತ್ತಿರುತ್ತದೆ. ಆ ಹೊತ್ತಿನಲ್ಲಿ ರಾತ್ರಿಯ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದು ಕೆಲವು ದಿನ ಹಾಗೇ ನಿಂತರೆ ಪರಾಗ ಕೆಡುತ್ತದೆ. ಪೈರು ಹಸಿರಾಗಿ ನಿಂತಿರುತ್ತದೆ, ತೆನೆಯೂ ಬರುತ್ತದೆ. ಕೈಯಲ್ಲಿ ಹಿಸುಕಿದರೆ ಜೊಳ್ಳು. ಗೊಬ್ಬರ ಹಾಕಿದ್ದೂ ದಂಡ, ಆಳಿನ ಕೂಲಿಯೂ ದಂಡ.

ಇದಕ್ಕೆ ಮದ್ದು ಬಿತ್ತುವ ದಿನದಲ್ಲೇ ಇದೆ. ಭತ್ತ ಕೊಯ್ಲಿಗೆ ಸುಮಾರು 30 ದಿನ ಮುಂಚೆ ಹೂವಾಗುತ್ತದೆ. ನಾಲೆ ನೀರು ತಡವಾಗಿ, ಮಘೆ ಮಳೆ ಹೊತ್ತಿಗೆ, ಅಂದರೆ ಆಗಸ್ಟ್ 15ರ ಸುಮಾರಿಗೆ ಒಟ್ಲು ಬಿಟ್ಟಿರಿ ಎನ್ನಿ. 140 ದಿನದ ತಳಿಯಾದರೆ ಡಿಸೆಂಬರ್ ಮೊದಲ ವಾರ ಹೂವು, ಚಳಿಯ ಬಾಯಿಗೇ ಬಿತ್ತು. 120 ದಿನದ ತಳಿಯಾದರೆ ನವೆಂಬರ್ ನಡುವಿಗೇ ಹೂವು ಮುಗಿಯುತ್ತದೆ. ನಾಲೆಯ ಕೊನೇ ಭಾಗದವರು ಈ ಲೆಕ್ಕ ಮರೆಯಬಾರದು. ನೀರು ಸೆಪ್ಟೆಂಬರಿಗೆ ಜಾರಿದರೆ ಭತ್ತದ ಆಸೆ ಬಿಟ್ಟು ಹುರುಳಿಯೋ ಅಲಸಂದೆಯೋ ನೋಡುವುದು ಲೇಸು.

ಬೇಸಿಗೆ ಭತ್ತಕ್ಕೆ ಜನವರಿಯಲ್ಲಿ ಒಟ್ಲು ಬಿಡುವವರಿಗೆ ಇನ್ನೊಂದು ಮಾತು. ಚಳಿಗೆ ಪೈರು ಹಳದಿಯಾಗಿ ಕುಂಟುತ್ತದೆ. ಕೊಳವೆ ಬಾವಿ ಇದ್ದರೆ ಸಂಜೆ ಅದರ ಬೆಚ್ಚನೆ ನೀರು ನಿಲ್ಲಿಸಿ, ಬೆಳಿಗ್ಗೆ ತಣ್ಣೀರು ಬಸಿದು ಬಿಡಿ.

ತಗ್ಗಿನ ಗದ್ದೆಯಲ್ಲಿ ರಾತ್ರಿಯ ತಂಪುಗಾಳಿ ಇಳಿದು ನಿಲ್ಲುತ್ತದೆ. ದಿಣ್ಣೆಯ ಹೊಲ ಅಷ್ಟು ತಣ್ಣಗಾಗದು. ಒಂದೇ ಊರಲ್ಲಿ ಎರಡು ಸೀಮೆ ಇದ್ದ ಹಾಗೆ! ಇದನ್ನು ಯಾವ ನಕ್ಷೆಯೂ ತೋರಿಸದು, ನಿಮ್ಮ ಕಣ್ಣೇ ನೋಡಬೇಕು.

ಬಿತ್ತನೆ ಬೀಜ ಕೊಳ್ಳುವಾಗ “ಇದು ಎಷ್ಟು ದಿನದ್ದಪ್ಪ?” ಎಂದು ಮೊದಲು ಕೇಳಿ, ಬೆರಳೆಣಿಸಿ ಹೂವಿನ ದಿನ ಗೊತ್ತುಮಾಡಿಕೊಳ್ಳಿ. ಅನುಮಾನವಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ಮಂಡ್ಯದ ವಿ.ಸಿ. ಫಾರಂನಲ್ಲೋ ವಿಚಾರಿಸಿ.