ಎರಡು ಕಾಲಗಳನ್ನು ತಾಳುವ ಹಿತ್ತಿಲು

(ಧಾರೇಶ್ವರದಲ್ಲಿ ಗ್ರಾಮಸ್ಥರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹರೂಪ)



ತೋಟಗಾರಿಕೆಯ ಪುಸ್ತಕಗಳಲ್ಲಿ ‘ಗಟ್ಟಿ ಗಿಡ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅಂಥ ಪುಸ್ತಕಗಳಲ್ಲಿ ಹಲವು ಶೀತದೇಶಗಳಲ್ಲಿ ಬರೆದವು. ಅಲ್ಲಿ ಗಟ್ಟಿ ಗಿಡವೆಂದರೆ ಹಿಮವನ್ನು ತಾಳಿ ವಸಂತದಲ್ಲಿ ಮತ್ತೆ ಚಿಗುರುವ ಗಿಡ. ಧಾರೇಶ್ವರದ ಗಿಡ ತಾಳಬೇಕಾದದ್ದು ಬೇರೆ. ಕುಮಟಾ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಡಿಸೆಂಬರಿನಿಂದ ಮೇ ತಿಂಗಳ ನಡುವಿನವರೆಗೆ ಹನಿ ಬೀಳುವುದೇ ಅಪರೂಪ. ಮಳೆಗಾಲದಲ್ಲಿ ನೀರಿನಲ್ಲಿ ನಿಂತು ಉಸಿರುಗಟ್ಟುವ ಬೇರೇ ಬೇಸಿಗೆಯಲ್ಲಿ ಮರಳಿನೊಳಗೆ ಬೇಯುತ್ತದೆ. ಸಾಲದ್ದಕ್ಕೆ ಕಡಲಿನ ಉಪ್ಪುಗಾಳಿ. ಈ ಎರಡು ವಿರುದ್ಧ ಕಾಲಗಳೇ ಇಲ್ಲಿಯ ಗಟ್ಟಿತನಕ್ಕೆ ಒರೆಗಲ್ಲು. ನರ್ಸರಿಯಲ್ಲಿ ಹೂ ಬಿಟ್ಟು ನಿಂತ ಗಿಡವನ್ನು ಕೊಳ್ಳುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಇದು ಆಷಾಢವನ್ನು ಹೇಗೆ ಕಳೆಯುತ್ತದೆ, ಏಪ್ರಿಲನ್ನು ಹೇಗೆ ಕಳೆಯುತ್ತದೆ?

ಬಹುವಾರ್ಷಿಕ ಸಸ್ಯಗಳು ಇದಕ್ಕೆ ನಾನಾ ಬಗೆಯ ಉತ್ತರಗಳನ್ನು ಕಂಡುಕೊಂಡಿವೆ. ಸುವರ್ಣಗಡ್ಡೆ, ಅರಿಶಿನಗಳು ಮಳೆಯ ಬಲದಲ್ಲಿ ಎಲೆ ಬೆಳೆಸಿ, ಮಳೆ ನಿಂತ ಮೇಲೆ ಎಲೆಯನ್ನು ಒಣಗಲು ಬಿಟ್ಟು, ಗಡ್ಡೆಯಾಗಿ ನೆಲದೊಳಗೆ ನಿದ್ರಿಸುತ್ತವೆ. ತೊಂಡೆಯ ಬೇರೂ ಗಡ್ಡೆಯಂತೆ ಉಬ್ಬಿರುತ್ತದೆ. ಬಳ್ಳಿಯನ್ನು ಬುಡದ ತನಕ ಸವರಿದರೂ ಮತ್ತೆ ಚಿಗುರುವುದು ಆ ಸಂಗ್ರಹದ ಬಲದಿಂದ. ಕೇಪಳ, ಕಣಗಿಲೆಗಳ ಎಲೆ ದಪ್ಪ, ಮೇಲೆ ಮೇಣದ ಹೊದಿಕೆ. ಉಪ್ಪುಗಾಳಿಗೆ ಅವು ಅಷ್ಟಾಗಿ ಅಂಜುವುದಿಲ್ಲ. (ಕಣಗಿಲೆ ವಿಷ, ಮಕ್ಕಳು ಆಡುವ ಕಡೆ ಬೇಡ.) ನಿತ್ಯಪುಷ್ಪದ ತವರು ದೂರದ ಮಡಗಾಸ್ಕರ್ ದ್ವೀಪವಾದರೂ ಕಡಲಂಚಿನ ಮರಳೇ ಅದಕ್ಕೆ ಹಿತ. ನುಗ್ಗೆ ಬರವನ್ನು ಗೆಲ್ಲುತ್ತದೆ, ನಿಂತ ನೀರಿಗೆ ಸೋಲುತ್ತದೆ; ಅದನ್ನು ಎರಡು ಅಡಿ ಎತ್ತರದ ದಿಬ್ಬದ ಮೇಲೆಯೇ ನೆಡಬೇಕು. ಬಸಳೆ ಹಲವು ವರ್ಷ ಬಾಳಬಲ್ಲ ಬಳ್ಳಿ, ಆದರೆ ಬೇಸಿಗೆಯಲ್ಲಿ ನೀರು ಬೇಡುತ್ತದೆ. ಬಸಳೆ ಚಪ್ಪರವನ್ನು ಬಚ್ಚಲ ನೀರು ಹರಿದು ಬರುವಲ್ಲಿ ಹಾಕಿದ ಅಜ್ಜಿಯಂದಿರ ಲೆಕ್ಕಾಚಾರಕ್ಕೆ ಇಂದಿಗೂ ತಿದ್ದುಪಡಿ ಬೇಕಿಲ್ಲ.

ಘಟ್ಟದ ಮೇಲಿನ ವಿದ್ಯಾರ್ಥಿಗಳಿಗೆ ಡೇರೆಯ ನೆನಪಾಗಬಹುದು. ಶಿರಸಿ, ಸಿದ್ದಾಪುರದ ಅಂಗಳಗಳಲ್ಲಿ ಮಳೆಗಾಲವಿಡೀ ಅರಳುವ ಡೇರೆ ಮೆಕ್ಸಿಕೋದ ಎತ್ತರದ ಸೀಮೆಯದು. ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಶಿರಸಿ ಸಮುದ್ರಮಟ್ಟದಿಂದ ಆರುನೂರು ಮೀಟರಿನ ಹತ್ತಿರ. ಆ ನಾಲ್ಕು ಡಿಗ್ರಿಯ ತಂಪು ಧಾರೇಶ್ವರದ ರಾತ್ರಿಗಳಲ್ಲಿ ಸಿಗದು. ಡೇರೆ ಇಲ್ಲಿ ಸೊರಗಿದರೆ ಅದು ಆರೈಕೆ ಮಾಡಿದವರ ದೋಷವಲ್ಲ.

ಗಟ್ಟಿತನ ಮಿತಿಮೀರಿದರೂ ಅಪಾಯವೇ. ಲಂಟಾನ ಭಾರತಕ್ಕೆ ಬಂದದ್ದು 19ನೇ ಶತಮಾನದ ಆರಂಭದಲ್ಲಿ, ಉದ್ಯಾನದ ಅಲಂಕಾರಕ್ಕೆಂದು. ಇಂದು ಅದು ಕಾಡಿನ ತಳವನ್ನೇ ಮುಚ್ಚಿದೆ. ಈಗ ಅದೇ ದಾರಿ ಹಿಡಿದಿರುವುದು ಸಿಂಗಪುರ ಡೇಸಿ ಎಂಬ ಹಳದಿ ಹೂವಿನ ನೆಲಹಬ್ಬು ಗಿಡ. ಹೆಸರು ಸಿಂಗಪುರದ್ದು, ಮೂಲ ಉಷ್ಣವಲಯದ ಅಮೆರಿಕ. ತುಂಡು ಕಾಂಡ ಬಿದ್ದಲ್ಲಿ ಬೇರೂರುತ್ತದೆ, ತೋಡಿನ ನೀರಿನೊಡನೆ ಗದ್ದೆಗೂ ಇಳಿಯುತ್ತದೆ. ಇದನ್ನು ನೆಡುವುದು ಬೇಡ. ನೆಟ್ಟಿದ್ದರೆ ಕಿತ್ತು, ತೋಡಿಗೆ ಎಸೆಯದೆ, ಪೂರ್ಣ ಒಣಗಿಸಿ ಸುಡಬೇಕು.

ಇನ್ನು ಏಕವಾರ್ಷಿಕಗಳು. ಇವುಗಳ ಗಟ್ಟಿತನ ಗಿಡದಲ್ಲಿಲ್ಲ, ಬೀಜದಲ್ಲಿದೆ. ಕರ್ಣಕುಂಡಲದ ಕಾಂಡವನ್ನು ಹಿಸುಕಿದರೆ ನೀರೇ ಬರುತ್ತದೆ. ಅಂಥ ಮೃದು ಗಿಡ ಬೇಸಿಗೆಯ ಒಂದು ವಾರವನ್ನೂ ತಾಳದು. ತಾಳಬೇಕಾದ ಪ್ರಸಂಗವೇ ಅದಕ್ಕಿಲ್ಲ. ಕಾಯಿ ಸಿಡಿದು ಚೆಲ್ಲಿದ ಬೀಜ ಒಣನೆಲದಲ್ಲಿ ಕಾದಿದ್ದು ಮೊದಲ ಮಳೆಗೆ ಮೊಳೆಯುತ್ತದೆ. ಬೆಂಡೆ, ಹೀರೆ, ಮೊಗೆಗಳದ್ದೂ ಇದೇ ಕಥೆ. ಮೊದಲ ಮಳೆಗೆ ಏರುಮಡಿ ಮಾಡಿ ಬಿತ್ತಿ, ದರಕು ಮುಚ್ಚಿದರೆ ಹನಿಯ ಹೊಡೆತಕ್ಕೆ ಮಣ್ಣು ಕೊಚ್ಚಿ ಹೋಗದು. ಹರಿವೆಯನ್ನು ಮಾತ್ರ ಮಳೆ ಜೋರಾದಾಗ ಬಿತ್ತಬಾರದು, ಎಳೆಯ ಸಸಿ ಕೊಳೆಯುತ್ತದೆ.

ಬೀಜವನ್ನು ಪ್ರತಿವರ್ಷ ಪೊಟ್ಟಣದಲ್ಲಿ ಕೊಳ್ಳುವ ಮನೆಯಲ್ಲಿ ಈ ಗಟ್ಟಿತನ ಬೆಳೆಯಲು ಅವಕಾಶವೇ ಇಲ್ಲ. ಸಂಕರ ಬೀಜದ ಮರಿ ತಾಯಿಯಂತಿರುವುದಿಲ್ಲ. ಊರ ಬೀಜವಾದರೋ ಪ್ರತಿ ಮಳೆಗಾಲದಲ್ಲೂ ಸೋಸಿ ಬಂದದ್ದು. ಶಿರಸಿಯ ‘ವನಸ್ತ್ರೀ’ ಬಳಗದ ಮಹಿಳೆಯರು ಹಿತ್ತಿಲ ಬೀಜಗಳನ್ನು ಉಳಿಸಿ ಹಂಚುವ ಕೆಲಸವನ್ನು ವರ್ಷಗಳಿಂದ ಮಾಡುತ್ತ ಬಂದಿರುವುದು ಈ ಕಾರಣಕ್ಕಾಗಿಯೇ. ಅಲಸಂದೆ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಅದರ ಬೀಜ ಕಾಯುವುದು ಸುಲಭ. ಹೀರೆ, ಮೊಗೆಗಳ ಹೂವಿಗೆ ಜೇನು ನೆರೆಮನೆಯ ಪರಾಗವನ್ನೂ ತರುತ್ತದೆ. ಅಲ್ಲಿ ಒಂದು ಮನೆಯ ಎಚ್ಚರ ಸಾಲದು, ಕೇರಿಯೇ ಒಪ್ಪಿಕೊಂಡು ಒಂದೇ ತಳಿ ಹಾಕಬೇಕು.

ಕುಮಟಾ ಸೀಮೆಯ ಸಿಹಿ ಈರುಳ್ಳಿಯ ಮುಂದಿರುವ ಪ್ರಶ್ನೆ ಇದೇ. ಮಳೆ ಮುಗಿದ ಮೇಲೆ ಮರಳುಗದ್ದೆಯಲ್ಲಿ ಬೆಳೆದು, ಬೇಸಿಗೆಯಲ್ಲಿ ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಈ ಈರುಳ್ಳಿಯನ್ನು ಎಲ್ಲರೂ ಏಕವಾರ್ಷಿಕವೆಂದೇ ಎಣಿಸುತ್ತಾರೆ. ಸಸ್ಯಶಾಸ್ತ್ರದ ಪ್ರಕಾರ ಅದು ದ್ವಿವಾರ್ಷಿಕ: ಮೊದಲ ವರ್ಷ ಗಡ್ಡೆ, ಆ ಗಡ್ಡೆಯನ್ನು ಮರುವರ್ಷ ನೆಟ್ಟರೆ ಹೂ, ಬೀಜ. ಆ ಬೀಜವೂ ವರ್ಷ ಕಳೆದರೆ ಮೊಳೆಯುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಎಂದರೆ ಎರಡು ವರ್ಷ ಬೀಜ ಮಾಡದೆ ಬಿಟ್ಟ ಮನೆಯಲ್ಲಿ ತಳಿ ಮುಗಿದಂತೆ. ಹತ್ತಿರದಲ್ಲಿ ಯಾರಾದರೂ ಪೇಟೆಯ ಈರುಳ್ಳಿಯನ್ನು ಹೂವಿಗೆ ಬಿಟ್ಟರೆ ಜೇನು ಎರಡನ್ನೂ ಬೆರೆಸಿಬಿಡುತ್ತದೆ. ಹಿತ್ತಿಲಲ್ಲಿ ಹತ್ತಿಪ್ಪತ್ತು ಗಡ್ಡೆ ನೆಟ್ಟು ಬೀಜ ಮಾಡುವವರು ಇದನ್ನು ಗಮನಿಸಬೇಕು. ಬೀಜದ ಗಡ್ಡೆಯನ್ನು ಕೀಳುವಾಗಲೇ ಆರಿಸಿ, ಬೇರೆ ಜಡೆ ಹೆಣೆದು, ಹೊಗೆ ಗಾಳಿ ಎರಡೂ ಆಡುವಲ್ಲಿ ತೂಗುಹಾಕಬೇಕು. ಮಾರಿ ಉಳಿದದ್ದರಲ್ಲಿ ಆರಿಸುವುದು ಸಲ್ಲದು. ಅದು ಕೊಳ್ಳುವವರೆಲ್ಲ ಬೇಡವೆಂದು ಬಿಟ್ಟುಹೋದ ಗಡ್ಡೆ.