ಷರತ್ತಿನ ಮದುವೆ: ‘ರಂಗನಾಯಕಿ’ ಮತ್ತು ನಮ್ಮ ಕಂಪನಿ ನಾಟಕದ ನಟಿಯರು



ವೃತ್ತಿ ರಂಗಭೂಮಿಯ ಹೆಣ್ಣುಮಕ್ಕಳ ಬಗ್ಗೆ ಮಾತಾಡಬೇಕೆಂದು ನೀವು ಹೇಳಿದಾಗ ನನಗೆ ಮೊದಲು ಹೊಳೆದದ್ದು ಅಶ್ವತ್ಥರ ‘ರಂಗನಾಯಕಿ’ ಕಾದಂಬರಿ. ಅದನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಅವರು 1981ರಲ್ಲಿ ಅದೇ ಹೆಸರಿನ ಚಿತ್ರ ತೆಗೆದರು. ಆರತಿ ರಂಗನಾಯಕಿಯಾದರು, ಅಂಬರೀಶ್ ಅವಳನ್ನು ಒಡಹುಟ್ಟಿದವಳಂತೆ ಕಾಯುವ ರಾಮಣ್ಣನಾದರು, ಅಶೋಕ್ ಗಂಡನಾದರು, ರಾಮಕೃಷ್ಣ ಮಗನಾದರು. ಈ ಸಭೆಯಲ್ಲಿ ಪುಸ್ತಕ ಓದಿದವರಿಗಿಂತ ಚಿತ್ರ ನೋಡಿದವರೇ ಹೆಚ್ಚಿರಬಹುದು. ಆದ್ದರಿಂದ ತೆರೆಯ ಮೇಲೆ ಕಂಡ ಕಥೆಯನ್ನೇ ಹಿಡಿದು ಮಾತಾಡುತ್ತೇನೆ.

ಕಥೆ

ನಾಟಕ ಕಂಪನಿಯೊಂದರಲ್ಲಿ ಬೆಳೆದ ಹುಡುಗಿ ರಂಗನಾಯಕಿ. ಅವಳಿಗೆ ಕಂಪನಿಯೇ ತವರು. ಅವಳ ಅಭಿನಯಕ್ಕೆ ಮನಸೋತ ಸ್ಥಿತಿವಂತನೊಬ್ಬ ಮದುವೆಯಾಗಲು ಮುಂದೆ ಬರುತ್ತಾನೆ. ಅವನದು ಒಂದೇ ಷರತ್ತು: ಇನ್ನು ಮುಂದೆ ಬಣ್ಣ ಹಚ್ಚಬಾರದು. ಅವಳು ಒಪ್ಪುತ್ತಾಳೆ. ಮಗುವೂ ಆಗುತ್ತದೆ. ಆದರೆ ಕಂಪನಿ ಕಷ್ಟಕ್ಕೆ ಸಿಕ್ಕಾಗ, ತನ್ನನ್ನು ಸಾಕಿದವರ ಕೈ ಬಿಡಲಾರದೆ ಮತ್ತೆ ರಂಗದ ಮೇಲೆ ನಿಲ್ಲುತ್ತಾಳೆ. ಗಂಡ ಅದನ್ನು ಕ್ಷಮಿಸುವುದಿಲ್ಲ. ಮಗನನ್ನು ಕರೆದುಕೊಂಡು ಅವಳನ್ನು ಬಿಟ್ಟುಹೋಗುತ್ತಾನೆ. ಮುಂದೆ ಅವಳು ಹೆಸರಾಂತ ಸಿನಿಮಾ ನಟಿಯಾಗುತ್ತಾಳೆ. ಬೆಳೆದುನಿಂತ ಮಗ, ಅವಳೇ ತನ್ನ ತಾಯಿ ಎಂದು ತಿಳಿಯದೆ ಅವಳಿಗೆ ಮರುಳಾಗುತ್ತಾನೆ.

ಈ ಕಥೆಯನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಓದುತ್ತಾರೆ. ಕಲೆ ಮತ್ತು ಸಂಸಾರ ಒಂದೇ ಸೂರಿನಡಿ ಬಾಳಲಾರವು ಎನ್ನುವುದು ಒಂದು ಓದು. ಮಗ ತಾಯಿಯನ್ನೇ ಮೋಹಿಸಿದ ದುರಂತವೇ ಇದರ ತಿರುಳು ಎನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಈ ಸಂಸಾರ ಮುರಿದದ್ದು ಕಲೆಯಿಂದಲ್ಲ, ತಾಳಿ ಕಟ್ಟುವ ಮೊದಲೇ ಹಾಕಿದ ಷರತ್ತಿನಿಂದ. ನಟಿಯ ದುಡಿಮೆಯನ್ನು ದುಡಿಮೆ ಎಂದು ಗೌರವಿಸದ ಸಮಾಜದಲ್ಲಿ ಆ ಷರತ್ತು ಯಾರಿಗೂ ಅನ್ಯಾಯವಾಗಿ ಕಾಣಲಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ಕಂಪನಿ ಎಂಬ ಮನೆ

ಆ ಹುಡುಗಿ ಬಿಟ್ಟುಬಂದದ್ದು ಏನನ್ನು ಎಂದು ತಿಳಿಯದೆ ಅವಳ ನೋವು ಅರ್ಥವಾಗುವುದಿಲ್ಲ. ಕಂಪನಿ ಒಂದು ಊರಿನಲ್ಲಿ ಮುಕ್ಕಾಂ ಹೂಡಿದರೆ ತಗಡಿನ ಥಿಯೇಟರು ಏಳುತ್ತದೆ. ಅದರ ಹಿಂದೆಯೇ ಬಿಡಾರ, ಒಂದೇ ಒಲೆಯ ಊಟ. ಸಂಜೆಯಾಗುತ್ತಲೇ ನಟಿಯರು ಟ್ರಂಕಿನ ಮೇಲೆ ಕನ್ನಡಿ ಇಟ್ಟುಕೊಂಡು ಕೂರುತ್ತಾರೆ. ಮುಖಕ್ಕೆ ಎಣ್ಣೆ ಸವರಿ, ಬಣ್ಣ ಬಳಿದು, ಹುಬ್ಬು ತೀಡಿ, ಸವರಂ ಕಟ್ಟುವಷ್ಟರಲ್ಲಿ ಆಚೆ ಕಾಲು ಹಾರ್ಮೋನಿಯಂ ಶ್ರುತಿ ಹಿಡಿದಿರುತ್ತದೆ. ಮೊದಲ ಬೆಲ್, ಎರಡನೆಯ ಬೆಲ್, ನಾಂದಿ, ಪರದೆ. ಮಗುವಿದ್ದ ನಟಿ ಸೈಡ್ ವಿಂಗಿನಲ್ಲಿ ಹಾಲೂಡಿಸಿ, ಪಕ್ಕದವಳ ಮಡಿಲಿಗೆ ಮಗುವನ್ನು ಕೊಟ್ಟು, ಸೀನಿಗೆ ಹೋಗುತ್ತಿದ್ದಳು. ಆಟ ಮುಗಿಯುವ ಹೊತ್ತಿಗೆ ನಡುರಾತ್ರಿ ಕಳೆದಿರುತ್ತಿತ್ತು.

ಕಂಪನಿಯನ್ನು ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಮಳೆ ಹಿಡಿದರೆ ಗೇಟ್ ಕಲೆಕ್ಷನ್ ಇಲ್ಲ, ಕಲೆಕ್ಷನ್ ಇಲ್ಲದಿದ್ದರೆ ಪಗಾರವಿಲ್ಲ. ಮುಂಗಡದ ಸಾಲಕ್ಕೆ ಸಿಕ್ಕವರು ಕಂಪನಿ ಬಿಡಲಾಗದೆ ಒದ್ದಾಡಿದ್ದೂ ಉಂಟು. ಆದರೂ ಅಲ್ಲಿ ಹೆಣ್ಣಿಗೆ ಅವಳದೇ ಹೆಸರಿನ ಪೋಸ್ಟರಿತ್ತು, ಅವಳ ಕೈಗೇ ಬರುವ ಸಂಬಳವಿತ್ತು, ಅವಳ ಹೆಸರಿನಲ್ಲಿ ಒಂದು ಬೆನಿಫಿಟ್ ನಾಟಕವಿತ್ತು. ಆ ಕಾಲದ ಎಷ್ಟೋ ಮನೆಗಳಲ್ಲಿ ಸೊಸೆಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ಷರತ್ತಿಗೆ ಒಪ್ಪಿದಾಗ ರಂಗನಾಯಕಿ ಬಿಟ್ಟುಕೊಟ್ಟದ್ದು ಇವನ್ನೆಲ್ಲ.

ಚಪ್ಪಾಳೆ ತಟ್ಟಿದವನೇ ಗಂಡ

ಕಥೆಯ ಅತ್ಯಂತ ನೋವಿನ ಜಾಗ ಇದು. ಅವಳ ಗಂಡ ಕಲೆಯ ದ್ವೇಷಿಯಲ್ಲ, ರಸಿಕ. ಅವಳನ್ನು ಮೊದಲು ಕಂಡದ್ದೇ ರಂಗದ ಮೇಲೆ. ಯಾವ ಗುಣಕ್ಕೆ ಸೋತನೋ ಅದನ್ನೇ ಮನೆಯ ಹೊಸಿಲಾಚೆ ಬಿಟ್ಟು ಬಾ ಎಂದ. ಅವಳು ಒಪ್ಪಿದಳಲ್ಲ, ಮಾತಿಗೆ ತಪ್ಪಿದಳಲ್ಲ ಎಂದು ವಾದಿಸುವವರಿದ್ದಾರೆ. ಅವರನ್ನು ನಾನು ಕೇಳುವುದು ಒಂದೇ ಪ್ರಶ್ನೆ: ಆ ಒಪ್ಪಂದದಲ್ಲಿ ಗಂಡ ಬಿಟ್ಟುಕೊಟ್ಟದ್ದು ಏನು? ಅವನ ವ್ಯವಹಾರ, ಹೆಸರು, ಓಡಾಟ ಎಲ್ಲವೂ ಇದ್ದಂತೆಯೇ ಇದ್ದವು. ಒಬ್ಬರು ಮಾತ್ರ ತೆರಬೇಕಾದ ಬೆಲೆಯನ್ನು ಒಪ್ಪಂದ ಎನ್ನಲಾಗದು.

ಮಗುವಿನ ವಿಷಯ ನೋಡಿ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ತಂದೆಯನ್ನೇ ಮೊದಲ ಸಹಜ ಪೋಷಕನೆಂದು ಹೇಳಿ, ತಾಯಿಯನ್ನು ‘ಅವನ ನಂತರ’ ಇಟ್ಟಿತ್ತು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂಬ ಮಾತು ಅದರಲ್ಲಿದ್ದರೂ, ಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿ ಎಷ್ಟು ತಾಯಂದಿರಿಗಿತ್ತು? ಲೇಖಕಿ ಗೀತಾ ಹರಿಹರನ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತಾಯಿಗೂ ಸಮನಾದ ಸ್ಥಾನ ಸಿಗುವಂತೆ ಆ ಮಾತನ್ನು ವ್ಯಾಖ್ಯಾನಿಸಿದ್ದು 1999ರಲ್ಲಿ. ರಂಗನಾಯಕಿಯ ಗಂಡ ಮಗುವನ್ನು ಎತ್ತಿಕೊಂಡು ಹೋದಾಗ ಊರಿನ ರೂಢಿಯೂ ಅವನ ಬೆನ್ನಿಗಿತ್ತು, ಕಾನೂನಿನ ಮೊದಲ ಸಾಲೂ ಅವನ ಬೆನ್ನಿಗಿತ್ತು.

ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ ರಂಗಕ್ಕೆ ಬಂದದ್ದು 1879ರಲ್ಲಿ. ಅದರಲ್ಲಿ ನೋರಾ ತಾನೇ ಬಾಗಿಲು ತೆರೆದು ಗಂಡ ಮಕ್ಕಳನ್ನು ಬಿಟ್ಟು ಹೊರಡುತ್ತಾಳೆ. ರಂಗನಾಯಕಿ ಹೊರಡುವವಳಲ್ಲ. ಅವಳಿಗೆ ಮನೆಯೂ ಬೇಕಿತ್ತು, ರಂಗವೂ ಬೇಕಿತ್ತು. ಎರಡನ್ನೂ ಬಯಸಿದ್ದು ಅತಿಯಾಸೆಯಲ್ಲ. ಗಂಡಸಾದ ಯಾವ ನಟನೂ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಿಲ್ಲ.

ಇನ್ನು ಮಗನ ಮೋಹ. ತಾಯಿಯ ಗುರುತೇ ಇಲ್ಲದಂತೆ ಬೆಳೆದ ಮಗ ತಾಯಿಯನ್ನು ಗುರುತಿಸದೇ ಹೋದರೆ ತಪ್ಪು ಯಾರದು? ಆ ದುರಂತದ ಬೇರು ಅವನ ಮನಸ್ಸಿನಲ್ಲಿಲ್ಲ, ಅವಳನ್ನು ಒರೆಸಿಹಾಕಿದ ಮನೆಯಲ್ಲಿದೆ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯೂ ಮನೋರೋಗ ವಾಸಿಯಾಗಿ ಬಂದಮೇಲೆ ತನ್ನ ಮನೆಯಲ್ಲೇ ಪರಕೀಯಳಾಗುತ್ತಾಳೆ. ಅದನ್ನೂ 1971ರಲ್ಲಿ ಚಿತ್ರವಾಗಿಸಿದವರು ಪುಟ್ಟಣ್ಣನವರೇ. ಎರಡೂ ಕಡೆ ಹೆಣ್ಣಿಗೆ ಒಂದು ಹಣೆಪಟ್ಟಿ ಅಂಟಿಸಿ, ಅವಳಿಗಿಂತ ಆ ಪಟ್ಟಿಯನ್ನೇ ನಂಬಿದ್ದಾರೆ.

ನಮ್ಮ ಸೀಮೆಯ ಉತ್ತರ

ಈ ಮಾತನ್ನು ಹರಿಹರದಲ್ಲೇ ಆಡಲು ಕಾರಣವಿದೆ. 1956ರ ಏಕೀಕರಣದವರೆಗೆ ಇಲ್ಲಿನ ತುಂಗಭದ್ರೆಯೇ ಗಡಿ. ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬೈ ಪ್ರಾಂತ. ಗುಬ್ಬಿ ಕಂಪನಿಯ ವೈಭವ ಕಂಡ ದಕ್ಷಿಣಕ್ಕೂ, ಹಿಂದೂಸ್ತಾನಿ ರಾಗದ ರಂಗಗೀತೆಗೆ ತಲೆದೂಗಿದ ಉತ್ತರಕ್ಕೂ ನಮ್ಮದು ನಡುನಾಡು. ದಾವಣಗೆರೆಯ ಹತ್ತಿ ಗಿರಣಿಗಳ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯ ದುಡಿಯುವ ಜನ ನಾಟಕಕ್ಕೆ ಕಾಸು ಕೊಟ್ಟು ಬೆಂಚು ತುಂಬಿಸಿದವರು. ದುಗ್ಗಮ್ಮನ ಜಾತ್ರೆ ಬಂತೆಂದರೆ ನಾಟಕವೂ ಬಂತೆಂದೇ ಲೆಕ್ಕ.

ಇದೇ ದಾವಣಗೆರೆಯ ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ಅವರ ಮಗಳು ಚಿಂದೋಡಿ ಲೀಲಾ ಬೆಳೆದರು. ‘ಹಳ್ಳಿ ಹುಡುಗಿ’, ‘ಪೊಲೀಸನ ಮಗಳು’ ನಾಟಕಗಳಲ್ಲಿ ಅವರನ್ನು ನೋಡಲು ಜನ ಮುಗಿಬಿದ್ದರು. 1988ರಲ್ಲಿ ಪದ್ಮಶ್ರೀ ಬಂತು. ನಾಟಕ ಅಕಾಡೆಮಿಯ ಅಧ್ಯಕ್ಷೆಯಾದರು. 2010ರಲ್ಲಿ ತೀರಿಕೊಳ್ಳುವವರೆಗೂ ಅವರ ಗುರುತು ರಂಗಭೂಮಿಯೇ. ಮೈಸೂರಿನಲ್ಲಿ ಆರ್. ನಾಗರತ್ನಮ್ಮ 1958ರಲ್ಲಿ ಹೆಂಗಸರೇ ಎಲ್ಲ ಪಾತ್ರ ಮಾಡುವ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ಕಂಸನಾಗಿ ಗದೆ ಹಿಡಿದರು. ಗುಬ್ಬಿ ವೀರಣ್ಣನವರ ಕೈಹಿಡಿದ ಬಿ. ಜಯಮ್ಮ ಮದುವೆಯಾದ ಮೇಲೂ ಬಣ್ಣ ಬಿಡಲಿಲ್ಲ. ಏಣಗಿ ಬಾಳಪ್ಪನವರ ಬಾಳಿನಲ್ಲೂ ಕಂಪನಿಯಲ್ಲೂ ಲಕ್ಷ್ಮೀಬಾಯಿ ಜೊತೆಯಾಗಿದ್ದರು.

ಈ ಬದುಕುಗಳಿಂದ ಒಂದು ಸಂಗತಿ ನಿಚ್ಚಳವಾಗುತ್ತದೆ. ನಟಿ ರಂಗದಲ್ಲಿ ಉಳಿದದ್ದು ಒಂದೋ ಕಂಪನಿ ಅವಳ ಮನೆಯವರದಾಗಿದ್ದಾಗ, ಇಲ್ಲವೇ ಗಂಡನೂ ರಂಗದವನಾಗಿದ್ದಾಗ, ಇಲ್ಲವೇ ಅವಳೇ ಕಂಪನಿ ಕಟ್ಟಿದಾಗ. ಮೂರರಲ್ಲೂ ಅಭಿನಯ ಆ ಮನೆಯ ಕಾಯಕ. ಬಸವಣ್ಣನವರ ನಾಡಿನಲ್ಲಿ ಕಾಯಕಕ್ಕೆ ಮೇಲು ಕೀಳಿಲ್ಲ ಎಂದು ಹೇಳುತ್ತ ಬಂದವರು ನಾವು. ಆದರೂ ರಾತ್ರಿ ಒನ್ಸ್ ಮೋರ್ ಕೂಗಿದ ಊರಿನಲ್ಲೇ ಹಗಲು ನಟಿಗೆ ಬಾಡಿಗೆ ಮನೆ ಸಿಗುವುದು ಕಷ್ಟವಾಗಿತ್ತು. ಅವಳ ಮಗಳಿಗೆ ಸಂಬಂಧ ಕೂಡಿಬರುವುದು ಇನ್ನೂ ಕಷ್ಟವಾಗಿತ್ತು. ರಂಗನಾಯಕಿಯ ಗಂಡನ ಷರತ್ತನ್ನು ಬರೆದುಕೊಟ್ಟದ್ದು ಬೆಂಚಿನ ಮೇಲೆ ಕೂತಿದ್ದ ಇಡೀ ಊರು.

ಮಾಡಬೇಕಾದದ್ದು

ಈಗ ನಮ್ಮ ಜಿಲ್ಲೆಗೇ ವೃತ್ತಿ ರಂಗಭೂಮಿ ರಂಗಾಯಣ ಬಂದಿದೆ. ಅದರ ಜೊತೆ ನಮ್ಮ ಕಾಲೇಜುಗಳು, ಸಾಹಿತ್ಯ ಸಂಘಟನೆಗಳು ಕೈಜೋಡಿಸಿ ಮಾಡಬೇಕಾದ ಕೆಲಸ ಒಂದಿದೆ. ಕಂಪನಿಗಳಲ್ಲಿ ದುಡಿದು ಈಗ ವಯಸ್ಸಾಗಿರುವ ನಟಿಯರು ಈ ಸೀಮೆಯಲ್ಲಿದ್ದಾರೆ. ಯಾವ ಕಂಪನಿ, ಎಷ್ಟು ಪಗಾರ, ಯಾವ ಪಾತ್ರ, ಮದುವೆಯಾದಾಗ ಏನಾಯಿತು, ಮಕ್ಕಳನ್ನು ಹೇಗೆ ಸಾಕಿದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡಬೇಕು. ಕಷ್ಟದಲ್ಲಿರುವ ಕಲಾವಿದರಿಗೆ ಸರ್ಕಾರದ ಮಾಸಾಶನವಿದೆ. ಅರ್ಜಿ ತುಂಬಲಾಗದೆ, ದಾಖಲೆ ಸಿಗದೆ ಅದು ತಪ್ಪಿಹೋದವರಿಗೆ ಈ ಬರವಣಿಗೆಯೇ ದಾಖಲೆಯೂ ಆದೀತು.

ಕಾದಂಬರಿಗಳು ನಟಿಯ ಕಣ್ಣೀರನ್ನು ನಮಗೆ ತೋರಿಸಿವೆ. ಅವಳ ಲೆಕ್ಕವನ್ನು, ಅವಳ ದುಡಿಮೆಯನ್ನು, ಅವಳ ಆಯ್ಕೆಯನ್ನು ದಾಖಲಿಸುವ ಕೆಲಸ ನಮ್ಮ ಪಾಲಿಗೆ ಉಳಿದಿದೆ. ಅದನ್ನು ಈ ವರ್ಷವೇ, ಈ ತಾಲ್ಲೂಕಿನಿಂದಲೇ ಶುರುಮಾಡೋಣ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.