ಕಲ್ನಾರು



ಯವನರು ‘ಆರದುದು’ ಎಂಬರ್ಥದಲ್ಲಿ ಆಸ್ಬೆಸ್ಟಾಸ್ ಎಂದು ಕರೆದ ವಸ್ತುವನ್ನು ಕನ್ನಡಿಗರು ಕಲ್ನಾರು ಎಂದರು. ಎರಡರಲ್ಲಿ ನಮ್ಮ ಹೆಸರೇ ಹೆಚ್ಚು ಪ್ರಾಮಾಣಿಕವಾದುದೆಂದು ನನ್ನೆಣಿಕೆ. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಣ ಶಿಲಾಸ್ತರಗಳಲ್ಲಿಯೂ ದೊರೆಯುವ ಈ ಖನಿಜವು, ಮಿಕ್ಕ ಕಲ್ಲುಗಳಂತೆ ಹರಳಾಗಿ ಉದುರದೆ, ನೀರಿನಲ್ಲಿ ಕೊಳೆಹಾಕಿ ಬಡಿದ ಕತ್ತಾಳೆಯಂತೆ ಎಳೆಯೆಳೆಯಾಗಿ ಬಿಚ್ಚಿಕೊಳ್ಳುತ್ತದೆ. ಆ ಎಳೆಯೂ ಸೀಳುತ್ತ ಸೀಳುತ್ತ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗುತ್ತದೆ. ಅದರ ಗುಣವೂ ದೋಷವೂ ಈ ಸೀಳಿನಲ್ಲಿಯೇ ಇವೆ.

ಬೆಂಕಿಯಲ್ಲಿ ಸುಡದ ಅದು ಬಹುಕಾಲ ಕೌತುಕದ ವಸ್ತುವಾಗಿತ್ತು. ಬೆಂಕಿಯಲ್ಲಿ ಬಾಳುವ ಸಾಲಮಾಂಡರ್ ಎಂಬ ಪ್ರಾಣಿಯ ರೋಮದಿಂದ ನೆಯ್ದ ಬಟ್ಟೆಯೆಂಬ ಪ್ರತೀತಿಯನ್ನು, ಅದು ಬೆಟ್ಟದಿಂದ ಅಗೆದು ತೆಗೆದುದೆಂದು ಹೇಳಿ ಅಲ್ಲಗಳೆದವನು 13ನೆಯ ಶತಮಾನದ ಮಾರ್ಕೋ ಪೋಲೊ. 1725ರಲ್ಲಿ, ಇನ್ನೂ 19ರ ಹರೆಯದ ಬೆಂಜಮಿನ್ ಫ್ರಾಂಕ್ಲಿನ್, ಅಮೆರಿಕದಿಂದ ತಂದಿದ್ದ ಕಲ್ನಾರಿನ ಹಣದ ಚೀಲವೊಂದನ್ನು ಲಂಡನ್ನಿನ ಹ್ಯಾನ್ಸ್ ಸ್ಲೋನ್ ಎಂಬ ಸಂಗ್ರಾಹಕನಿಗೆ ಮಾರಿದನು. ಆ ಚೀಲ ಇಂದಿಗೂ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ.

ಉಗಿಯಂತ್ರಗಳು ಬಂದ ಮೇಲೆ ಕೌತುಕವು ಸರಕಾಯಿತು. 1870ರ ದಶಕದಲ್ಲಿ ಕೆನಡಾದ ಕ್ವೆಬೆಕ್ಕಿನಲ್ಲಿ ಗಣಿಗಳು ತೆರೆದುವು. 20ನೆಯ ಶತಮಾನದ ಆರಂಭದಲ್ಲಿ ಆಸ್ಟ್ರಿಯಾದ ಲುಡ್ವಿಗ್ ಹಾಟ್ಷೆಕ್ ಎಂಬಾತನು ಸಿಮೆಂಟಿಗೆ ಕಲ್ನಾರು ಬೆರೆಸಿ ತೆಳುವಾದ ಹಾಳೆ ಮಾಡುವ ವಿಧಾನವನ್ನು ಕಂಡುಹಿಡಿದು, ಶಾಶ್ವತವೆಂಬ ಭಾವದ ‘ಎಟರ್ನಿಟ್’ ಎಂಬ ಹೆಸರನ್ನಿಟ್ಟನು. ನಾವು ‘ಶೀಟು’ ಎಂದಷ್ಟೇ ಕರೆಯುವ, ದನದ ಕೊಟ್ಟಿಗೆಯಿಂದ ಕಾರ್ಖಾನೆಯವರೆಗೆ ಹಬ್ಬಿದ ಅಲೆಯಲೆಯ ಮಾಡು ಆ ವಂಶದ ಕೂಸು.

ಆದರೆ 1898ರಷ್ಟು ಹಿಂದೆಯೇ ಬ್ರಿಟನ್ನಿನ ಕಾರ್ಖಾನೆಗಳ ತನಿಖಾಧಿಕಾರಿಣಿ ಲೂಸಿ ಡೀನ್, ಈ ಧೂಳಿನ ಕಣಗಳು ಸೂಕ್ಷ್ಮದರ್ಶಕದಡಿ ಗಾಜಿನಂತೆ ಹರಿತವಾಗಿ ತೋರುವುವೆಂದು ಬರೆದಿದ್ದರು. ಮರುವರ್ಷ ಲಂಡನ್ನಿನ ವೈದ್ಯ ಮಾಂಟೇಗ್ ಮರ್ರೆಯವರ ಬಳಿಗೆ ಉಸಿರಾಡಲಾರದೆ ಬಂದ ಕೆಲಸಗಾರನೊಬ್ಬನು, ತನ್ನ ಕೆಲಸದ ಕೋಣೆಯ ಹತ್ತು ಮಂದಿಯಲ್ಲಿ ಉಳಿದವನು ತಾನೊಬ್ಬನೇ ಎಂದನು. 1900ರಲ್ಲಿ ಅವನೂ ತೀರಿಕೊಂಡನು. ಇಷ್ಟಾದರೂ ಧೂಳಿಗೆ ಕಡಿವಾಣ ಹಾಕುವ ನಿಯಮಗಳು ಅಲ್ಲಿ ಬಂದುದು 1931ರಲ್ಲಿ. ಕಂಡವರ ಮಾತು ಕಡತದಲ್ಲಿ ಕೊಳೆಯುವುದು ನಮ್ಮ ದೇಶದ ರೋಗ ಮಾತ್ರವಲ್ಲವೆಂದು ಸಮಾಧಾನಪಡಬೇಕೋ, ವ್ಯಥೆಪಡಬೇಕೋ ತಿಳಿಯದು. 1960ರಲ್ಲಿ ದಕ್ಷಿಣ ಆಫ್ರಿಕದಿಂದ ವೈದ್ಯ ವ್ಯಾಗ್ನರ್ ಮತ್ತು ಸಂಗಡಿಗರು, ಗಣಿಗಳ ನೆರೆಯಲ್ಲಿ ಬರಿದೆ ವಾಸವಾಗಿದ್ದವರಿಗೂ ಶ್ವಾಸಕೋಶದ ಹೊದಿಕೆಯ ಕ್ಯಾನ್ಸರು ತಗುಲಿದುದನ್ನು ಪ್ರಕಟಿಸಿದರು. ಬ್ರಿಟನ್ನು ಎಲ್ಲ ಬಗೆಯ ಕಲ್ನಾರನ್ನೂ 1999ರಲ್ಲಿ ನಿಷೇಧಿಸಿತು. ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ಕಾರ್ಮಿಕನ ಆರೋಗ್ಯದ ದಾಖಲೆಯನ್ನು 40 ವರ್ಷ ಕಾಪಾಡಬೇಕೆಂದು ವಿಧಿಸಿತು. ಎದೆಗೆ ಹೋದ ಎಳೆ ರೋಗವಾಗಿ ತಲೆಯೆತ್ತಲು ಅಷ್ಟು ದೀರ್ಘಕಾಲ ಹಿಡಿಯಬಹುದು.

ಹಾಗಾದರೆ ಶೀಟಿನ ಮನೆಯವರು ಇಂದೇ ಮಾಡನ್ನು ಕೀಳಬೇಕೆ? ಬೇಡ. ಹಾಳೆ ಇಡಿಯಾಗಿರುವವರೆಗೆ ಸಿಮೆಂಟು ಎಳೆಯನ್ನು ಬಿಗಿಹಿಡಿದಿರುತ್ತದೆ. ಅವಸರದ ರಿಪೇರಿಯೇ ಅದನ್ನು ಬಿಡಿಸುವುದು. ಡಿಶ್ ಆಂಟೆನಾಕ್ಕೆಂದು ಡ್ರಿಲ್ಲು ಹಾಕಿದಾಗ ಸುರಿಯುವ ಬೂದುಬಣ್ಣದ ಹಿಟ್ಟು, ಮಳೆಗಾಲದ ಪಾಚಿಯನ್ನು ತಂತಿಯ ಬ್ರಶ್ಶಿನಿಂದ ಉಜ್ಜಿದಾಗ ಏಳುವ ಪುಡಿ, ಒಡೆದ ಅಂಚಿನಲ್ಲಿ ಬೆಕ್ಕಿನ ಮೀಸೆಯಂತೆ ಚಾಚಿದ ಬಿಳಿಯ ನಾರು, ಇವು ಭಯಪಡತಕ್ಕವು. ಹಳೆಯ ಗಿರಣಿಗಳ ಉಗಿಕೊಳವೆಗೆ ಸುತ್ತಿದ ಮೆತ್ತನೆಯ ಹೊದಿಕೆಯಂತೂ ಕೈಸೋಕಿದರೆ ಉದುರೀತು. ಅದು ಬಲ್ಲವರಿಗೇ ಬಿಡತಕ್ಕ ಕೆಲಸ.

ಶೀಟನ್ನು ಇಳಿಸಲೇಬೇಕಾಗಿ ಬಂದರೆ ಮೊದಲು ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಸುತ್ತಿಗೆಯೇಟಿಲ್ಲದೆ ಇಡಿಯಾಗಿ ಇಳಿಸತಕ್ಕದ್ದು. ಬಿದ್ದ ಪುಡಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಮೂಗಿಗೆ ಟವಲು ಕಟ್ಟಿಕೊಂಡರಾಯಿತೆಂಬುದು ಭ್ರಮೆ. ಈ ಎಳೆಗೆ ಟವಲಿನ ನೇಯ್ಗೆ ತೆರೆದ ಹೆಬ್ಬಾಗಿಲು. ಕೆಲಸದ ಅಂಗಿಯನ್ನು ಮನೆಗೆ ಕೊಂಡೊಯ್ಯಬಾರದು. ಪರದೇಶಗಳಲ್ಲಿ, ಗಂಡನ ಅಂಗಿಯನ್ನು ಕೊಡವಿ ಒಗೆದುದರಿಂದಲೇ ರೋಗಕ್ಕೀಡಾದ ಹೆಂಡಿರುಂಟು.

ಇನ್ನು ಒಡೆದ ಚೂರುಗಳು. ಅವನ್ನು ಒದ್ದೆಯಾಗಿಯೇ ಎರಡು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಅಪಾಯಕಾರಿ ತ್ಯಾಜ್ಯವೆಂದು ಹೇಳಿ ಒಪ್ಪಿಸಬೇಕು. ನಮ್ಮ ಜನ ಏನನ್ನೂ ವ್ಯರ್ಥಗೊಳಿಸರು. ಕೋಳಿಗೂಡಿನ ಮೇಲೊಂದು ಮುಚ್ಚಿ, ಉಳಿದುದನ್ನು ಹಿತ್ತಲ ಕೆಸರುದಾರಿಗೆ ಹಾಸಿಬಿಡುತ್ತಾರೆ. ಕೆಸರು ಒಣಗಿದ ಬೇಸಗೆಯಲ್ಲಿ, ಅದೇ ದಾರಿಯಲ್ಲಿ ಮಕ್ಕಳು ಸೈಕಲ್ಲು ಕಲಿಯುತ್ತಾರೆ.